ಹಂಚಿನ ಹೊಂಡಗಳ ಹಕ್ಕಿ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ನೇತ್ರಾವತಿ ದಂಡೆಯ ಒಂದು ಹಳೇ ಹಂಚಿನ ಕಾರ್ಖಾನೆಯ ಹಿಂದೆ ಸಾಲು ಸಾಲು ಹೊಂಡಗಳಿವೆ. ತಿಂಗಳಿಗೊಂದು ಭಾನುವಾರ ನಾವು ಕೆಲವರು ಅದರ ಸುತ್ತ ನಡೆಯುತ್ತೇವೆ. ಪ್ರತಿ ಸಲವೂ ಅದೇ ಪ್ರಶ್ನೆಗಳು. ಬೆಳಿಗ್ಗೆ ಆರೂವರೆಗೆ, ಚಾ ಇಳಿಯದ ಗಂಟಲಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಓದಿಕೊಂಡು ಬಂದರೆ ಅಲ್ಲಿ ಮಾತು ಕಡಿಮೆ, ಹಕ್ಕಿ ಜಾಸ್ತಿ.

ಇದು ಸರಕಾರದ ಪಕ್ಷಿಧಾಮವಾ?

ಅಲ್ಲ. ಬೋರ್ಡು, ಟಿಕೆಟ್, ವೀಕ್ಷಣಾ ಗೋಪುರ ಯಾವುದೂ ಇಲ್ಲ. ಜಾಗ ಖಾಸಗಿಯವರದ್ದು. ಕಾರ್ಖಾನೆ ನಿಂತ ಮೇಲೆ ಮನೆಯವರು ಹಾಗೇ ಬಿಟ್ಟಿದ್ದಾರೆ. ಕಸ ಹಾಕಲು ಬಿಡುವುದಿಲ್ಲ, ಬಲೆ ಮತ್ತು ಕೋವಿ ಒಳಗೆ ಬರುವ ಹಾಗಿಲ್ಲ, ಹೊಂಡ ತುಂಬಿಸುವುದಿಲ್ಲ. ಈ ಮೂರು ಬಾಯಿಮಾತಿನ ಮೇಲೆ ಇಲ್ಲಿಯ ಹಕ್ಕಿಗಳ ಬದುಕು ನಿಂತಿದೆ. ಜಗತ್ತಿನ ಮುಖ್ಯ ಜೌಗುಗಳ ರಾಮ್ಸರ್ ಪಟ್ಟಿಯಲ್ಲಿ ಹೆಸರಿರುವ ಜಾಗ ನೋಡಬೇಕಾದರೆ ರಂಗನತಿಟ್ಟು ಉಂಟು, ಮಾಗಡಿ ಕೆರೆ ಉಂಟು, ಅಂಕಸಮುದ್ರ ಉಂಟು. ನಮ್ಮ ಕರಾವಳಿಯಿಂದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಗೂ ಹೋಗಿ ಬನ್ನಿ. ಇದು ಆ ಸಾಲಿನದ್ದಲ್ಲ.

ಹಾಗಾದರೆ ಈ ಹೊಂಡಗಳು ಬಂದದ್ದು ಎಲ್ಲಿಂದ?

ನಿಮ್ಮ ಅಜ್ಜನ ಮನೆಯ ಮಾಡಿನಿಂದ. ತಮಾಷೆ ಅಲ್ಲ.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮೂರು ವರ್ಷ ಕಳೆದು 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ನೇತ್ರಾವತಿ, ಗುರುಪುರ ಎರಡೂ ನದಿಗಳ ದಂಡೆಯಲ್ಲಿ ಚಿಮಿಣಿಗಳು ಎದ್ದವು. ಮಂಗಳೂರಿನಲ್ಲೇ ಯಾಕೆ ಅಂದರೆ ಬೇಕಾದ್ದೆಲ್ಲ ಇಲ್ಲೇ ಇತ್ತು. ಈ ಹೊಳೆಗಳ ಬದಿಯಲ್ಲಿ ಒಳ್ಳೆಯ ಆವೆ ಮಣ್ಣು. ಘಟ್ಟದ ಕಡೆಯಿಂದ ಸೌದೆ. ಸುಟ್ಟ ಹಂಚನ್ನು ಸಾಗಿಸಲು ಎದುರಿಗೇ ಬಂದರು. ಮಂಗಳೂರು ಹಂಚು ಶ್ರೀಲಂಕಾ, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಹೋಯಿತು. ನಾವು ನಡೆಯುವ ಜಾಗದ ಕಾರ್ಖಾನೆ ಈ ಮೊದಲಿನ ಎರಡರಲ್ಲಿ ಒಂದಲ್ಲ. ಅವುಗಳ ಬೆನ್ನಿಗೆ ಬಂದ ಹಲವು ಚಿಕ್ಕ ಕಾರ್ಖಾನೆಗಳಲ್ಲಿ ಒಂದು.

ಒಂದು ಹಂಚು ಎರಡು, ಎರಡೂವರೆ ಕಿಲೋ ತೂಗುತ್ತದೆ. ಒಂದು ಸಾಧಾರಣ ಮನೆಯ ಮಾಡಿಗೆ ಸಾವಿರಗಟ್ಟಲೆ ಹಂಚು ಬೇಕು. ಅಷ್ಟೂ ಮಣ್ಣು ಎಲ್ಲೋ ಒಂದು ಕಡೆ ಕಡಿಮೆ ಆಗಲೇಬೇಕಲ್ಲ? ಹಾಗೆ ಕಡಿಮೆ ಆದ ಜಾಗ ಇದು. ಬೇಸಿಗೆಯಲ್ಲಿ ಬೈಲುಗದ್ದೆಯ ಮೇಲ್ಮಣ್ಣು ಸರಿಸಿ ಕೆಳಗಿನ ಆವೆ ಮಣ್ಣನ್ನು ಹಾರೆ, ಪಿಕ್ಕಾಸಿನಲ್ಲಿ ಕಡಿದು ತೆಗೆಯುತ್ತಿದ್ದರು. ಬುಟ್ಟಿಯಲ್ಲಿ ಹೊತ್ತು ದೋಣಿಗೆ ತುಂಬುತ್ತಿದ್ದರು. ಮಳೆ ಬಂದಾಗ ಕಡಿದ ಜಾಗದಲ್ಲಿ ನೀರು ನಿಲ್ಲುತ್ತಿತ್ತು. ಮರು ವರ್ಷ ಪಕ್ಕದ ಗದ್ದೆ. ಹೀಗೆ ಗದ್ದೆ ಹೋಗಿ ಹೊಂಡವಾಯಿತು.

ಆಮೇಲೆ ಕಾಂಕ್ರೀಟು ತಾರಸಿ ಬಂತು. ಸೌದೆಗೆ ಬೆಲೆ ಏರಿತು, ಮಣ್ಣು ಸಿಗುವುದು ಕಷ್ಟವಾಯಿತು. ಒಂದೊಂದೇ ಭಟ್ಟಿ ಆರಿತು. ಹೊಂಡ ಮಾತ್ರ ಉಳಿಯಿತು.

ಹೊಂಡ ಊರಲ್ಲಿ ಎಷ್ಟು ಬೇಕಾದರೂ ಉಂಟು. ಹಕ್ಕಿ ಇಲ್ಲಿಗೇ ಯಾಕೆ ಬರಬೇಕು?

ನನಗೂ ಎಷ್ಟೋ ಸಮಯ ಗೊತ್ತಿರಲಿಲ್ಲ. ಜೊಂಡು, ಮೀನು, ನೆಮ್ಮದಿ ಅಂತ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಸರಿಯಾದ ಉತ್ತರ ಕೊಟ್ಟದ್ದು ಆ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ಒಬ್ಬ ಅಜ್ಜಿ. ಮೊಮ್ಮಗಳ ಜೊತೆ ಒಂದು ಸಲ ನಡಿಗೆಗೆ ಬಂದಿದ್ದರು. ಬಂದ ಕೂಡಲೇ, "ಇತ್ತೆ ಪಕ್ಕಿ ತೂಯೆರೆ ಬರ್ಪೆರಾ?" ಅಂತ ನಕ್ಕರು. ಈಗ ಹಕ್ಕಿ ನೋಡಲಿಕ್ಕೆ ಬರ್ತಾರಾ ಅಂತ. ಅವರಿಗೆ ಅದು ಬೆನ್ನು ನೋವಿನ ಜಾಗ, ನಮಗೆ ಬೈನಾಕ್ಯುಲರಿನ ಜಾಗ.

ನಾನು ಕೇಳಿದೆ, "ಅಜ್ಜಿ, ಈ ಹೊಂಡ ಇಷ್ಟು ಆಳ, ಆಚೆಯದ್ದು ಪಾದ ಮುಳುಗುವಷ್ಟು ಮಾತ್ರ. ಯಾಕೆ ಹಾಗೆ?"

"ಹೊಯಿಗೆ ಸಿಕ್ಕಿದಲ್ಲಿ ನಿಲ್ಲಿಸ್ತಿದ್ದೆವು ಮಗಾ. ಹೊಯಿಗೆ ಬೆರೆತರೆ ಹಂಚು ಬಿರಿಯುತ್ತದೆ."

ಅಷ್ಟೇ. ಹೊಯಿಗೆ ಅಂದರೆ ಮರಳು. ನದಿ ಬದಿಯ ನೆಲ ಒಂದೇ ಸಮ ಇರುವುದಿಲ್ಲ. ಹೊಳೆ ಒಂದು ಕಾಲದಲ್ಲಿ ಹರಿದ ಕಡೆ ಹೊಯಿಗೆ ಮೇಲಿರುತ್ತದೆ, ನಿಂತ ಕಡೆ ಆವೆ ಮಣ್ಣು ದಪ್ಪ ಕೂತಿರುತ್ತದೆ. ಆವೆ ದಪ್ಪ ಇದ್ದಲ್ಲಿ ಎರಡಾಳು ಆಳಕ್ಕೆ ಕಡಿದರು. ತೆಳು ಇದ್ದಲ್ಲಿ ಮೊಣಕಾಲಿಗೆ ನಿಲ್ಲಿಸಿದರು. ಬುಟ್ಟಿ ಹೊತ್ತು ಹತ್ತಿ ಬರಲು ಬದಿಯಲ್ಲಿ ಮೆಟ್ಟಿಲು ಬಿಟ್ಟರು. ಆ ಮೆಟ್ಟಿಲುಗಳೇ ಈಗ ಇಳಿಜಾರು ದಂಡೆ.

ಹಕ್ಕಿಗೆ ಬೇಕಾದ್ದು ಇದೇ. ಗೊರವಕ್ಕೆ ಗೆಣ್ಣು ಮುಳುಗುವಷ್ಟು ನೀರು ಸಾಕು. ಬಕಕ್ಕೆ ಮೊಣಕಾಲಷ್ಟು. ದೇವನಕೋಳಿಗೆ ತೇಲುವ ಎಲೆ ಬೇಕು, ಎಲೆಯ ಬುಡ ಕೆಸರು ಮುಟ್ಟುವಷ್ಟೇ ಆಳ ಇರಬೇಕು. ನೀರುಕಾಗೆಗೆ ಮುಳುಗಿ ಓಡುವಷ್ಟು ಆಳ. ಎಲ್ಲ ಆಳವೂ ಒಂದು ಕಿಲೋಮೀಟರಿನೊಳಗೆ ಸಿಗುವುದು ಅಪರೂಪ. ನಮ್ಮ ಕಡೆಯ ಕೆಂಪುಕಲ್ಲಿನ ಕೋರೆಗಳನ್ನು ನೋಡಿ. ಅಲ್ಲಿಯೂ ನೀರಿದೆ. ಆದರೆ ಗೋಡೆ ನೆಟ್ಟಗೆ, ಒಮ್ಮೆಲೇ ಆಳ. ಒಂದು ಮಿಂಚುಳ್ಳಿ ಕೂತಿರಬಹುದು, ಅಷ್ಟೇ.

ಲಂಡನ್ನಿನ ಬಾರ್ನ್ಸ್‌ನಲ್ಲಿ ಕುಡಿಯುವ ನೀರಿನ ನಾಲ್ಕು ಹಳೇ ಕಾಂಕ್ರೀಟು ಜಲಾಶಯಗಳನ್ನು ಒಡೆದು ನೂರು ಎಕರೆಯಷ್ಟು ಜೌಗು ಮಾಡಿದ್ದಾರೆ. 2000ದಲ್ಲಿ ಜನರಿಗೆ ತೆರೆಯಿತು. ಅಲ್ಲಿ ಎಷ್ಟು ಆಳ, ಎಲ್ಲಿ ತಿಟ್ಟು ಅಂತ ನಕ್ಷೆ ಹಾಕಿ ಮಾಡಿದ್ದು. ಇಲ್ಲಿ ನಕ್ಷೆ ಹಾಕಿದ್ದು ಹೊಯಿಗೆ.

ನಡಿಗೆ ಎಲ್ಲಿಂದ ಎಲ್ಲಿಗೆ? ದಾರಿಯಲ್ಲಿ ಏನು ಕಾಣುತ್ತದೆ?

ಗೇಟಿನಿಂದ ಹೊಳೆಯವರೆಗೆ, ಸುತ್ತು ಹಾಕಿ ವಾಪಸ್. ಎರಡೂವರೆ ಕಿಲೋಮೀಟರು ಇರಬಹುದು. ಮೂರು ಗಂಟೆ ಬೇಕು. "ಇಷ್ಟಕ್ಕೆ ಮೂರು ಗಂಟೆಯಾ?" ಅಂತ ವಾಕಿಂಗ್ ಅಭ್ಯಾಸ ಇರುವವರು ಕೇಳುತ್ತಾರೆ. ಇದು ವಾಕಿಂಗ್ ಅಲ್ಲ. ನಿಲ್ಲುವುದೇ ಜಾಸ್ತಿ.

ಮೊದಲು ಚಿಮಿಣಿ. ಬುಡದಲ್ಲಿ ಅಶ್ವತ್ಥ ಬೇರು ಬಿಟ್ಟಿದೆ. ಭಟ್ಟಿಯ ಕಟ್ಟಡ ಅರ್ಧ ಬಿದ್ದಿದೆ. ಒಳಗೆ ಹೋಗುವುದು ಬೇಡ, ಗೋಡೆ ನಂಬುವ ಹಾಗಿಲ್ಲ. ಹೊರಗೆ ನಿಂತು ಜಂತಿ ನೋಡಿ. ಬಿಳಿ ಹೃದಯದಂಥ ಮುಖ ಕಂಡರೆ ಅದು ಕಣಜ ಗೂಬೆ. ಇಲಿ ಹಿಡಿಯುವುದರಲ್ಲಿ ಅದರಷ್ಟು ನಿಯತ್ತಿನ ಕೆಲಸಗಾರ ಬೇರೆ ಇಲ್ಲ. ಅಪಶಕುನ ಅಂತ ಕಲ್ಲು ಎಸೆಯುವವರು ಈಗಲೂ ಇದ್ದಾರೆ, ಏನು ಮಾಡುವುದು.

ಆಮೇಲೆ ಒಡೆದ ಹಂಚಿನ ರಾಶಿ. ಬೇಸಿಗೆಯಲ್ಲಿ ಇಲ್ಲಿ ಕಾಲಿಡುವ ಮೊದಲು ಹತ್ತು ಸಲ ನೋಡಬೇಕು. ಟಿಟ್ಟಿಭ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಗೂಡು ಅನ್ನುವಂಥದ್ದು ಇಲ್ಲ, ನಾಲ್ಕು ಚೂರು ಸರಿಸಿ ಮಾಡಿದ ಒಂದು ತಗ್ಗು. ಮೊಟ್ಟೆಯ ಬಣ್ಣ ಮಣ್ಣಿನದ್ದೇ, ಮೇಲೆ ಕಪ್ಪು ಚುಕ್ಕೆ. ಎರಡಡಿ ದೂರದಿಂದಲೂ ಕಾಣುವುದಿಲ್ಲ. ಹಕ್ಕಿ ತಲೆ ಮೇಲೆ ಹಾರಾಡಿ ಕಿರುಚಿದರೆ ಅದು ಬೈಗುಳ. ಅಲ್ಲೇ ನಿಂತು, ಬಂದ ದಾರಿಯಲ್ಲೇ ಹಿಂದೆ ಬನ್ನಿ.

ಮೂರನೆಯದ್ದು ನಾವು ತಟ್ಟೆಹೊಂಡ ಅನ್ನುತ್ತೇವೆ. ಹೊಯಿಗೆ ಬೇಗ ಸಿಕ್ಕಿದ ಜಾಗ, ಹಾಗಾಗಿ ತಟ್ಟೆಯಂತೆ. ಫೆಬ್ರವರಿ ಕಳೆಯುವಾಗ ಅರ್ಧ ಒಣಗಿರುತ್ತದೆ. ಒಣಗುವ ಆ ಅಂಚಿನಲ್ಲೇ ಮಜಾ. ಗದ್ದೆಗೊರವಗಳು ಬಾಲ ಕುಣಿಸುತ್ತಾ ಕೆಸರು ಕುಕ್ಕುತ್ತಿರುತ್ತವೆ. ಏಷ್ಯಾ, ಯುರೋಪಿನ ಉತ್ತರದ ತುದಿಯಲ್ಲಿ ಮರಿ ಮಾಡಿ, ಚಳಿಗೆ ಇಲ್ಲಿಗೆ ಬಂದವು. ಅಷ್ಟು ದೂರ ಹಾರಿ ಬಂದ ಹಕ್ಕಿ ಅಂತ ನೋಡಿದರೆ ಗೊತ್ತೇ ಆಗುವುದಿಲ್ಲ, ಮುಷ್ಟಿಯಷ್ಟು ಗಾತ್ರ. ಉಲ್ಲಂಕಿ ಇದ್ದರೆ ಕಾಣುವುದಿಲ್ಲ, ನೀವು ಮೆಟ್ಟುವಷ್ಟು ಹತ್ತಿರ ಹೋದಾಗ ಪುಸಕ್ಕನೆ ಏಳುತ್ತದೆ. ಕೊಳದ ಬಕವೂ ಹಾಗೇ. ಕೂತಾಗ ಮಣ್ಣಿನ ಮುದ್ದೆ, ಹಾರಿದಾಗ ಬಿಳಿ ರೆಕ್ಕೆ. ಹೊಸಬರು ಪ್ರತಿ ಸಲವೂ "ಅದು ಎಲ್ಲಿಂದ ಬಂತು?" ಅಂತ ಕೇಳುತ್ತಾರೆ. ಬಂದದ್ದಲ್ಲ, ಅಲ್ಲೇ ಇತ್ತು.

ನೈದಿಲೆ ಹೊಂಡದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಬೇಡಿ. ಸೊಂಟದವರೆಗಿನ ನೀರು. ಎಲೆಗಳ ಮೇಲೆ ತಾಮ್ರ ಬಣ್ಣದ ರೆಕ್ಕೆಯ ದೇವನಕೋಳಿ ನಡೆಯುತ್ತದೆ. ಬೆರಳು ಅಷ್ಟು ಉದ್ದ ಇರುವುದರಿಂದ ಮೈಭಾರ ಹಂಚಿಹೋಗುತ್ತದೆ, ಎಲೆ ಮುಳುಗುವುದಿಲ್ಲ. ಇದರ ಸಂಸಾರ ತಿರುಗಾಮುರುಗಾ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಅದಕ್ಕೆ ಒಬ್ಬನಿಗಿಂತ ಹೆಚ್ಚು ಗಂಡ. ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವು ಕೂರುವುದು, ಮರಿ ಸಾಕುವುದು ಗಂಡಿನ ಕೆಲಸ. ಅಪಾಯ ಬಂದರೆ ಮರಿಗಳನ್ನು ರೆಕ್ಕೆಯಡಿ ಸಿಕ್ಕಿಸಿಕೊಂಡು ನಡೆಯುತ್ತದೆ. ಆಗ ಮರಿಯ ಕಾಲುಗಳು ಕೆಳಗೆ ಜೋತುಬಿದ್ದು, ಒಂದೇ ಹಕ್ಕಿಗೆ ಹತ್ತು ಕಾಲು ಇದ್ದ ಹಾಗೆ ಕಾಣುತ್ತದೆ. ನಾನು ಒಂದೇ ಸಲ ನೋಡಿದ್ದು. ಆವತ್ತು ಕ್ಯಾಮೆರಾ ಮನೆಯಲ್ಲಿತ್ತು.

ಅದೇ ಹೊಂಡದ ಜೊಂಡಿನಲ್ಲಿ ನೇರಳೆ ಜಂಬುಕೋಳಿ, ದಂಡೆಯಲ್ಲಿ ಹುಂಡುಕೋಳಿ. ಬಸವನಹುಳು ಇರುವ ಕಡೆ ಬಾಯ್ಕಳಕ ಕೊಕ್ಕರೆ. ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುತ್ತದೆ, ಅದಕ್ಕೇ ಆ ಹೆಸರು.

ಕೊನೆಯದ್ದು ದೊಡ್ಡ ಗುಂಡಿ. ಆವೆ ಮಣ್ಣು ದಪ್ಪ ಸಿಕ್ಕಿದ ಜಾಗ, ವರ್ಷವಿಡೀ ಬತ್ತುವುದಿಲ್ಲ. ಗುಳುಮುಳುಕ ಇಲ್ಲಿ ಕಾಯಂ. ಕಣ್ಣು ಹಾಕುವಷ್ಟರಲ್ಲಿ ಮುಳುಗಿರುತ್ತದೆ, ಎಲ್ಲಿ ಏಳುತ್ತದೆ ಅಂತ ಮಕ್ಕಳು ಪಂಥ ಕಟ್ಟುತ್ತಾರೆ. ನೀರುಕಾಗೆಗಳು ಒಣ ಮರದ ಮೇಲೆ ರೆಕ್ಕೆ ಬಿಚ್ಚಿ ಕೂತಿರುತ್ತವೆ. ಹಾವಕ್ಕಿ ಈಜುವಾಗ ಮೈ ನೀರಲ್ಲಿ, ಕತ್ತು ಮಾತ್ರ ಮೇಲೆ. ದೂರದಿಂದ ಹಾವೇ. ಚಳಿಗಾಲದಲ್ಲಿ ಸಿಳ್ಳೆ ಬಾತುಗಳ ಗುಂಪು ಹಗಲು ಇಲ್ಲಿ ನಿದ್ದೆ ಮಾಡುತ್ತದೆ, ಅವುಗಳ ಮೇವು ಹೆಚ್ಚಾಗಿ ರಾತ್ರಿಗೆ.

ಅಲ್ಲಿಂದ ತೋಡು ಹಿಡಿದು ಹೋದರೆ ಹೊಳೆ. ಇಳಿತದ ಹೊತ್ತಾದರೆ ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರು ತೆರೆದಿರುತ್ತದೆ. ತಲೆ ಮೇಲೆ ಗರುಡ ಇದ್ದೇ ಇರುತ್ತದೆ. ಅದೃಷ್ಟ ಇದ್ದರೆ ನೀರುನಾಯಿ.

ರಾಜಹಂಸ ಬರುತ್ತದಾ?

ಇಲ್ಲ. ಅದಕ್ಕೆ ಮುಂಬೈಗೆ ಹೋಗಬೇಕು. ಶಿವ್ಡಿ, ಠಾಣೆ ಖಾರಿಯ ಕೆಸರಿನಲ್ಲಿ, ಕಾರ್ಖಾನೆಗಳ ಮಗ್ಗುಲಲ್ಲೇ ಸಾವಿರಗಟ್ಟಲೆ ನಿಲ್ಲುತ್ತವೆ.

ಯಾವ ತಿಂಗಳು ಬಂದರೆ ಒಳ್ಳೆಯದು?

ಬಹಳ ಹಕ್ಕಿ ಬೇಕಾದರೆ ಡಿಸೆಂಬರಿನಿಂದ ಫೆಬ್ರವರಿ. ವಲಸೆ ಹಕ್ಕಿಗಳು ಸೆಪ್ಟೆಂಬರಿನಿಂದ ಒಂದೊಂದೇ ಇಳಿಯುತ್ತವೆ, ಮಾರ್ಚ್ ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ನಮ್ಮ ಮನೆಯಲ್ಲಿ ಲೆಕ್ಕ ತುಳು ತಿಂಗಳಲ್ಲಿ. ಸೋಣ, ಅಂದರೆ ಆಗಸ್ಟ್-ಸೆಪ್ಟೆಂಬರ್, ಮುಗಿಯುವಾಗ ಮೊದಲ ಕುಂಡೆಕುಸ್ಕ ಅಂಗಳದಲ್ಲಿ ಬಾಲ ಅಲ್ಲಾಡಿಸಿತು ಅಂದರೆ ಹೊಂಡಕ್ಕೂ ಹಕ್ಕಿ ಬಂತು ಅಂತ ಅರ್ಥ. ಬೊಂತೆಲ್‌ನಲ್ಲಿ ಅಂದರೆ ಅಕ್ಟೋಬರ್-ನವೆಂಬರಿನಲ್ಲಿ ನೀಲಿಬಾಲದ ಕಳ್ಳಿಪೀರಗಳು ತಂತಿ ತುಂಬ. ಪುಯಿಂತೆಲ್‌ನಲ್ಲಿ ಅಂದರೆ ಜನವರಿ-ಫೆಬ್ರವರಿಯಲ್ಲಿ ತಟ್ಟೆಹೊಂಡ ಒಣಗಲು ಶುರು, ಗೊರವಗಳಿಗೆ ಹಬ್ಬ. ಸುಗ್ಗಿ, ಪಗ್ಗುವಿನಲ್ಲಿ (ಮಾರ್ಚ್‌ನಿಂದ ಮೇ) ಸೆಕೆ ತಡೆಯುವುದು ಕಷ್ಟ. ಆದರೆ ಬೇರೆ ಕಡೆ ನೀರು ಬತ್ತಿದ್ದರಿಂದ ಊರಿನ ಹಕ್ಕಿಗಳೆಲ್ಲ ದೊಡ್ಡ ಗುಂಡಿಗೇ ಸೇರುತ್ತವೆ.

ನನ್ನನ್ನು ಕೇಳಿದರೆ ಆಟಿ, ಅಂದರೆ ಜುಲೈ-ಆಗಸ್ಟ್. ಯಾರೂ ಬರುವುದಿಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಊರು ಇದು, ಅದರಲ್ಲಿ ದೊಡ್ಡ ಪಾಲು ಆಟಿಯ ಹಿಂದೆ ಮುಂದೆ. ವಲಸೆ ಹಕ್ಕಿ ಒಂದೂ ಇಲ್ಲ. ಆದರೆ ಇಲ್ಲಿಯ ಹಕ್ಕಿಗಳೆಲ್ಲ ಮದುವೆ ಬಟ್ಟೆಯಲ್ಲಿರುತ್ತವೆ. ಗೋವಕ್ಕಿಯ ತಲೆ ಕಿತ್ತಳೆ, ಕೊಳದ ಬಕದ ಬೆನ್ನು ಕಡುಗೆಂಪು. ಗೀಜಗ ಈಚಲ ಮರದಲ್ಲಿ ಗೂಡು ನೇಯುತ್ತಿರುತ್ತದೆ. ಗುಳುಮುಳುಕದ ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಹೋಗುತ್ತವೆ. ಪಟ್ಟಿ ಚಿಕ್ಕದು, ನೋಡುವುದು ಜಾಸ್ತಿ.

ಭಾನುವಾರ ಆರೂವರೆಗೆ ಬರಲೇಬೇಕಾ?

ಹೌದು. ಜನವರಿಯಲ್ಲಿ ಸೂರ್ಯ ಏಳುವಾಗ ಏಳು ಗಂಟೆ ಹತ್ತಿರ. ನಾವು ಮೊದಲೇ ಹೋಗಿ ನಿಂತಿರಬೇಕು. ಒಂಬತ್ತೂವರೆಗೆ ಬಿಸಿಲೇರಿ ಹಕ್ಕಿಗಳು ನೆರಳು ಸೇರುತ್ತವೆ. ತಡವಾದರೆ ಗೇಟು ಹಾಕಿರುತ್ತದೆ, ನಾನು ಫೋನ್ ತೆಗೆಯುವುದಿಲ್ಲ.

ಬೈನಾಕ್ಯುಲರ್ ಬೇಕಾ? ಯಾವುದು ತೆಗೆದುಕೊಳ್ಳಲಿ?

ಮೊದಲ ಸಲಕ್ಕೆ ಬೇಡ. ನಮ್ಮಲ್ಲಿ ಎರಡು ಮೂರು ಇದೆ, ಕೈಯಿಂದ ಕೈಗೆ ಹೋಗುತ್ತದೆ. ಕೊಳ್ಳುವುದಾದರೆ 8x42 ಅಂತ ಬರೆದದ್ದು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಗಲ ಜಾಸ್ತಿ ಇದ್ದಷ್ಟು ಮುಂಜಾನೆಯ ಮಬ್ಬಿನಲ್ಲಿ ಬೆಳಕು ಜಾಸ್ತಿ ಬರುತ್ತದೆ. ಇಪ್ಪತ್ತು ಪಟ್ಟು, ಐವತ್ತು ಪಟ್ಟು ಅಂತ ಜಾತ್ರೆಯಲ್ಲಿ ಮಾರುವುದನ್ನು ಕೊಳ್ಳಬೇಡಿ. ಕೈ ನಡುಗಿದ್ದೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ನಾನು ಕೊಂಡು ಕೆಟ್ಟಿದ್ದೇನೆ. ಅದು ಈಗ ಮಗನ ಆಟದ ಸಾಮಾನು.

ಈ ಹಕ್ಕಿಗಳಿಗೆಲ್ಲ ಕನ್ನಡದಲ್ಲಿ ಹೆಸರು ಉಂಟಾ?

ಉಂಟು, ಅದೂ ಎಂಥಾ ಹೆಸರು! ಗುಳುಕ್ಕನೆ ಮುಳುಗುವುದು ಗುಳುಮುಳುಕ. ಕುಂಡೆ ಕುಣಿಸುವುದು ಕುಂಡೆಕುಸ್ಕ. ಮಕ್ಕಳು ಇದನ್ನು ಒಂದು ಸಲ ಕೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಟಿಟ್ಟಿಭ ತನ್ನ ಹೆಸರನ್ನು ತಾನೇ ಕೂಗುತ್ತದೆ. ಬೆಳಗಾಗುವಾಗ ಹಾಡುವ ಕಪ್ಪುಬಿಳಿಯದ್ದು ಮಡಿವಾಳ. ತುಳುವಿನಲ್ಲಿ ಕೆಂಬೂತ ಕುಪ್ಪುಳು, ಕೊಕ್ಕರೆ ಕೊರ್ಂಗು, ಹದ್ದು ಗಿಡಿ. ನಿಮ್ಮ ಮನೆಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ಬರೆದುಕೊಂಡು ಬನ್ನಿ. ಕೊಂಕಣಿ, ಬ್ಯಾರಿ ಹೆಸರುಗಳು ನನ್ನ ಪುಸ್ತಕದಲ್ಲಿ ತೀರಾ ಕಡಿಮೆ.

ಇಂಗ್ಲಿಷ್ ಹೆಸರು ಹೇಳಬಾರದು ಅಂತಿಲ್ಲ. ಪುಸ್ತಕ, ಆ್ಯಪ್ ನೋಡಲು ಅದೂ ಬೇಕು. ಆದರೆ ಹೆಸರೇ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಎಷ್ಟು ದೊಡ್ಡದು, ಕಾಗೆಯಷ್ಟಾ, ಗುಬ್ಬಿಯಷ್ಟಾ? ಕೊಕ್ಕು ಹೇಗಿದೆ? ನೀರಿನಲ್ಲಿ ಎಷ್ಟು ಆಳಕ್ಕೆ ನಿಂತಿದೆ? ಇಷ್ಟು ಹೇಳಿ, ಹೆಸರು ಹುಡುಕುವುದು ನನ್ನ ಕೆಲಸ.

ಬಿಳಿ ಇರುವುದೆಲ್ಲ ಕೊಕ್ಕರೆಯೇ ಅಲ್ವಾ?

ಅಲ್ಲ ಮಾರಾಯ್ರೆ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಅದು ಬೆಳ್ಳಕ್ಕಿ. ಕೆಸರಿನಲ್ಲಿ ಹಳದಿ ಕಾಲ್ಚೀಲ ಹಾಕಿಕೊಂಡ ಹಾಗೆ. ಕೊಕ್ಕು ಹಳದಿ, ಕತ್ತು ಗಿಡ್ಡ, ದನದ ಹಿಂದೆ ಹೋಗುತ್ತಿದ್ದರೆ ಗೋವಕ್ಕಿ. ಎತ್ತರವಾಗಿ, ಕತ್ತಿನಲ್ಲಿ ಮುರಿದು ಕೂಡಿಸಿದಂಥ ಕೊಂಕು ಇದ್ದರೆ ದೊಡ್ಡ ಬೆಳ್ಳಕ್ಕಿ. ಕಪ್ಪು ಬೋಳುತಲೆ, ಕುಡುಗೋಲಿನಂತೆ ಬಗ್ಗಿದ ಕೊಕ್ಕು ಇದ್ದರೆ ಕೆಂಬರಲು. ಅಲ್ಲಾಡದೇ ಒಂದು ಗಂಟೆ ಒಂದೇ ಕಡೆ ನಿಂತಿದ್ದರೆ ಪ್ಲಾಸ್ಟಿಕ್ ತೊಟ್ಟೆ. ಇದನ್ನು ನಾನು ದೂರದರ್ಶಕ ಇಟ್ಟು ಹತ್ತು ಮಂದಿಗೆ ತೋರಿಸಿದ್ದೇನೆ.

ಕಾರ್ಖಾನೆಯ ಜಾಗ ಅಲ್ವಾ, ಮಣ್ಣಿನಲ್ಲಿ ವಿಷ ಇಲ್ವಾ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಹಂಚಿಗೆ ಬೇಕಾದ್ದು ಮಣ್ಣು, ನೀರು, ಬೆಂಕಿ. ಆಸಿಡ್ ಇಲ್ಲ, ಬಣ್ಣ ಇಲ್ಲ. ಉಳಿದದ್ದು ಬೂದಿ ಮತ್ತು ಒಡೆದ ಹಂಚು. ಅದು ಈ ಜಾಗದ ಪುಣ್ಯ. ರಾಸಾಯನಿಕ, ಗೊಬ್ಬರ, ಚರ್ಮದ ಕಾರ್ಖಾನೆ ಇದ್ದ ನೆಲವಾದರೆ ಕಥೆ ಬೇರೆ. ಅಲ್ಲಿ ಮಣ್ಣು, ನೀರು ಪರೀಕ್ಷೆ ಮಾಡಿಸದೆ ಹಕ್ಕಿ ಬಂತು ಅಂತ ಖುಷಿಪಡುವ ಹಾಗಿಲ್ಲ. ಮೀನಿನ ಮೂಲಕ ವಿಷ ಹಕ್ಕಿಗೂ ಹೋಗುತ್ತದೆ, ಮೀನು ತಿನ್ನುವ ನಮಗೂ.

ಇಲ್ಲಿ ಈಗಿನ ತೊಂದರೆ ಹೊಸ ಕಾಲದ್ದು. ಒಂದು ರಾತ್ರಿ ಯಾರೋ ಕಟ್ಟಡ ಒಡೆದ ಕಲ್ಲು, ಸಿಮೆಂಟು ಎರಡು ಲೋಡು ತಂದು ತಟ್ಟೆಹೊಂಡದ ಮೂಲೆಗೆ ಸುರಿದು ಹೋದರು. ಎತ್ತಿಸಲು ನಾಲ್ಕು ತಿಂಗಳು ಓಡಾಡಿದೆವು. ಆ ಮೂಲೆಗೆ ಆ ವರ್ಷ ಗೊರವ ಇಳಿಯಲಿಲ್ಲ. ಸಿಮೆಂಟಿಗೆ ಹೆದರಿ ಅಲ್ಲ. ಆಳ ಹೋಗಿತ್ತು, ಅಷ್ಟೇ.

ಹಾವು, ಜಿಗಣೆ, ಸೊಳ್ಳೆ?

ಮೂರೂ ಇವೆ. ಹೊಂಡದಲ್ಲಿ ಕಾಣುವ ಹಾವು ಹೆಚ್ಚಾಗಿ ನೀರೊಳ್ಳೆ, ವಿಷ ಇಲ್ಲ. ಹಂಚಿನ ರಾಶಿಯ ಹತ್ತಿರ ನಾಗರ, ಕನ್ನಡಿ ಹಾವು ಇರಬಹುದು, ಹಾಗಾಗಿ ಸಂದಿಗೆ ಕೈ ಹಾಕಬೇಡಿ. ಶೂ ಹಾಕಿ, ಚಪ್ಪಲಿ ಬೇಡ. ಆವೆ ಮಣ್ಣು ಒದ್ದೆಯಾದರೆ ಸಾಬೂನು. ದೊಡ್ಡ ಗುಂಡಿಯ ಅಂಚಿಗೆ ಯಾರೂ ಹೋಗುವ ಹಾಗಿಲ್ಲ, ಈಜು ಬಂದರೂ. ಸೊಳ್ಳೆಗೆ ಮುಲಾಮು ಹಚ್ಚಿಕೊಳ್ಳಿ, ಮಲೇರಿಯಾ ನಮ್ಮ ಊರಿಗೆ ಹೊಸದಲ್ಲ. ಕಾಲಲ್ಲಿ ಗಾಯ ಇದ್ದರೆ ಕೆಸರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೇ.

ಮಕ್ಕಳನ್ನು ಕರೆತರಬಹುದಾ?

ಎಂಟು ವರ್ಷ ದಾಟಿದವರು ಬರಲಿ. ಹಕ್ಕಿ ಮೊದಲು ಕಾಣುವುದು ಅವರಿಗೇ. ಅಪ್ಪಂದಿರು ಜೋರಾಗಿ ಫೋನಿನಲ್ಲಿ ಮಾತಾಡುವುದೇ ನಮಗೆ ತೊಂದರೆ.

ಹಕ್ಕಿಯ ಕೂಗು ಮೊಬೈಲಿನಲ್ಲಿ ಹಾಕಿ ಕರೆದರೆ ಬೇಗ ಫೋಟೋ ಸಿಗುತ್ತದಲ್ಲ?

ಸಿಗುತ್ತದೆ. ಅದಕ್ಕೇ ಬೇಡ ಅನ್ನುವುದು. ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂತು ಅಂತ ಹೆದರಿ ಅದು ಓಡಿಬರುತ್ತದೆ. ಮೇಯುವುದು, ಕಾವು ಕೂರುವುದು ಬಿಟ್ಟು ಬರುತ್ತದೆ. ಅಷ್ಟರಲ್ಲಿ ಕಾಗೆ ಮೊಟ್ಟೆ ಒಯ್ಯುತ್ತದೆ. ಗೂಡಿನ ಫೋಟೋ ಕೂಡ ಬೇಡ. ಎಲೆ ಸರಿಸಿ ತೆಗೆದ ಫೋಟೋ ಎಷ್ಟು ಚೆನ್ನಾಗಿದ್ದರೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಅಳಿಸುತ್ತೇವೆ.

ಅಂತರಗಂಗೆ, ಜೊಂಡು ತುಂಬಿದೆ. ಒಂದು ದಿನ ಎಲ್ಲ ಸೇರಿ ಕ್ಲೀನ್ ಮಾಡೋಣವಾ?

ಮನಸ್ಸು ಒಳ್ಳೆಯದು. ಆದರೆ ಹೊಂಡ ಈಜುಕೊಳ ಅಲ್ಲ. ಜೊಂಡಿನಲ್ಲಿ ಜಂಬುಕೋಳಿ ಗೂಡು ಕಟ್ಟುತ್ತದೆ, ಉಲಿಯಕ್ಕಿ ಅಡಗುತ್ತದೆ. ಅದನ್ನು ಬೋಳಿಸಿ, ದಂಡೆಗೆ ಕಲ್ಲು ಕಟ್ಟಿ, ಸುತ್ತ ಇಂಟರ್‌ಲಾಕ್ ಹಾಸಿ, ನಡುವೆ ಕಾರಂಜಿ ಇಟ್ಟರೆ "ಅಭಿವೃದ್ಧಿ" ಆಯಿತು. ಫೋಟೋಗೆ ಚಂದ. ಇಳಿಜಾರು ಹೋದ ಮೇಲೆ ಬಕ ನಿಲ್ಲುವುದು ಎಲ್ಲಿ?

ಅಂತರಗಂಗೆ ಬೇರೆ ವಿಷಯ. ಅದು ಹೊರಗಿನಿಂದ ಬಂದ ಕಳೆ. ನೀರನ್ನು ಪೂರ್ತಿ ಮುಚ್ಚಿದರೆ ಕೆಳಗೆ ಬೆಳಕು ಹೋಗುವುದಿಲ್ಲ, ಗಾಳಿ ಸಾಲದೆ ಮೀನು ಸಾಯುತ್ತದೆ. ಅದನ್ನು ವರ್ಷಕ್ಕೊಮ್ಮೆ, ಗೂಡಿನ ಕಾಲ ಮುಗಿದ ಮೇಲೆ, ಕೈಯಲ್ಲೇ ತೆಗೆಯುತ್ತೇವೆ. ಅದೂ ಪೂರ್ತಿ ಅಲ್ಲ, ಅರ್ಧ. ಸಹಾಯಕ್ಕೆ ಬರುವವರು ಹಳೇ ಲುಂಗಿ ತನ್ನಿ.

ನಾವು ಬರೆದ ಪಟ್ಟಿಯಿಂದ ಯಾರಿಗಾದರೂ ಉಪಯೋಗ ಉಂಟಾ?

ಉಂಟು. ಪ್ರತಿ ನಡಿಗೆಯ ಪಟ್ಟಿ ಹಕ್ಕಿ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಹೋಗುತ್ತದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ, ಅದು 1987ರಿಂದ ನಡೆಯುತ್ತಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ. ಎರಡಕ್ಕೂ ಈ ಹೊಂಡದ ಲೆಕ್ಕ ಕೊಡುತ್ತೇವೆ. ಒಂದು ವರ್ಷದ ಪಟ್ಟಿ ಬರೇ ಪಟ್ಟಿ. ಹತ್ತು ವರ್ಷದ್ದು ಒಟ್ಟಿಗೆ ಇಟ್ಟರೆ ಯಾವುದು ಹೆಚ್ಚಾಯಿತು, ಯಾವುದು ಬರುವುದು ನಿಲ್ಲಿಸಿತು ಅಂತ ಕಾಣುತ್ತದೆ. ಒಂದು ಷರತ್ತು: ಕಂಡದ್ದನ್ನು ಮಾತ್ರ ಬರೆಯಿರಿ. "ಇರಬಹುದು" ಅನ್ನುವುದನ್ನು ಬಿಡಿ. ಕಾಗೆ ಎಷ್ಟು ಅಂತಲೂ ಬರೆಯಿರಿ, ಕಾಗೆ ಕೂಡ ಹಕ್ಕಿಯೇ.

ಮ್ಯಾಪ್ ಪಿನ್ ಕಳಿಸಿ, ನಾವೇ ಹೋಗಿ ನೋಡುತ್ತೇವೆ.

ಕಳಿಸುವುದಿಲ್ಲ. ಮನೆಯವರು ಗೇಟು ತೆರೆಯುವುದು ನಮ್ಮ ಮೇಲಿನ ವಿಶ್ವಾಸಕ್ಕೆ. ಹಿಂದೊಮ್ಮೆ ಜಾಗದ ಹೆಸರು ಹಾಕಿ ಗೂಬೆಯ ಫೋಟೋ ಹರಿದಾಡಿ, ಮುಂದಿನ ವಾರ ಟಾರ್ಚು ಹಿಡಿದು ಹುಡುಗರು ಗೋಡೆ ಹಾರಿದರು. ಗೂಬೆ ಆ ವರ್ಷ ಜಾಗ ಬಿಟ್ಟಿತು.

ನಾಳೆ ಇಲ್ಲಿ ಲೇಔಟ್ ಬಂದರೆ?

ಬರಬಹುದು. ನಗರದ ಅಂಚು, ಹೊಳೆಯ ನೋಟ, ಸೆಂಟ್ಸಿಗೆ ಬೆಲೆ ಗೊತ್ತಲ್ಲ. ಕಾನೂನಿನ ಆಸರೆ ಇದೆಯಾ ಅಂದರೆ, ಹಕ್ಕಿ ಹಿಡಿಯುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಕಾಯಿದೆಯಲ್ಲಿ ಅಪರಾಧ. ಜಾಗ ಉಳಿಸುವುದು ಬೇರೆ ಮಾತು. 2017ರ ಜೌಗು ಪ್ರದೇಶಗಳ ನಿಯಮಗಳು ಭತ್ತದ ಗದ್ದೆ, ನದಿಯ ಪಾತ್ರ, ಕುಡಿಯಲು ಅಥವಾ ನೀರಾವರಿಗೆ ಅಂತಲೇ ಕಟ್ಟಿದ ಕೆರೆಗಳನ್ನು ಹೊರಗಿಡುತ್ತವೆ. ಈ ಹೊಂಡ ಅವು ಯಾವುದೂ ಅಲ್ಲ, ಆದರೆ ಯಾರೂ ಬಂದು ಗುರುತಿಸಿಯೂ ಇಲ್ಲ.

"ಮನುಷ್ಯ ತೋಡಿದ ಗುಂಡಿ, ಇದಕ್ಕೆಂಥ ಸಂರಕ್ಷಣೆ?" ಅಂತ ಒಬ್ಬರು ಅಧಿಕಾರಿ ನನ್ನನ್ನು ಕೇಳಿದ್ದರು. ರಂಗನತಿಟ್ಟಿನ ನಡುಗಡ್ಡೆಗಳು ಆದದ್ದೂ ಕಾವೇರಿಗೆ ಒಡ್ಡು ಕಟ್ಟಿದ್ದರಿಂದಲೇ. 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ನೀರು ಯಾರು ನಿಲ್ಲಿಸಿದರು ಅಂತ ಕೊಕ್ಕರೆ ಕೇಳಲಿಲ್ಲ. ಇದನ್ನು ಹೇಳಬೇಕು ಅಂತ ನನಗೆ ಹೊಳೆದದ್ದು ಕಚೇರಿಯ ಮೆಟ್ಟಿಲು ಇಳಿದು ಬಸ್ಸು ಹತ್ತಿದ ಮೇಲೆ.

ಸದ್ಯಕ್ಕೆ ನಾವು ಮಾಡುತ್ತಿರುವುದು ಒಂದು ಕೆಲಸ. ಪ್ರತಿ ಹೊಂಡದ ಆಳವನ್ನು ಮಳೆ ಮುಗಿದಾಗ ಒಮ್ಮೆ, ಪಗ್ಗುವಿನಲ್ಲಿ ಒಮ್ಮೆ ಬಿದಿರಿನ ಕೋಲು ಇಳಿಸಿ ಅಳೆದು ಬರೆದಿಡುತ್ತೇವೆ. ಪಕ್ಕದಲ್ಲಿ ಆ ದಿನ ಅಲ್ಲಿ ನಿಂತ ಹಕ್ಕಿಯ ಹೆಸರು. ಅಜ್ಜಿಗೆ ತೋರಿಸಿದಾಗ ಕೋಲಿನ ಗುರುತು ನೋಡಿ, "ಇಲ್ಲಿ ಹೊಯಿಗೆ ಇನ್ನೂ ಒಂದು ಮೊಳ ಕೆಳಗೆ ಇತ್ತು, ಹೂಳು ತುಂಬಿದೆ" ಅಂದರು. ಆ ಒಂದು ಮೊಳವನ್ನೂ ಬರೆದಿದ್ದೇವೆ.

ಫೀಸ್ ಎಷ್ಟು?

ಇಲ್ಲ. ಒಂದು ಸಲಕ್ಕೆ ಹನ್ನೆರಡು ಮಂದಿ ಮಾತ್ರ, ಮೊದಲು ಹೆಸರು ಕೊಟ್ಟವರಿಗೆ ಜಾಗ. ನಡಿಗೆ ಮುಗಿದ ಮೇಲೆ ರಸ್ತೆ ಬದಿಯ ಹೋಟೆಲಿನಲ್ಲಿ ಚಾ, ಬನ್ಸ್. ಅವರವರ ದುಡ್ಡು ಅವರವರೇ ಕೊಡುವುದು. ಹತ್ತು ಗಂಟೆ ಮೀರಿದರೆ ಬನ್ಸ್ ಖಾಲಿ, ಗೋಳಿಬಜೆ ಸಿಗಬಹುದು.

ಮಳೆ ಬಂದರೆ?

ಕೊಡೆ ತನ್ನಿ. ಕಪ್ಪು ಬಣ್ಣದ್ದು.